ಅಗೆಯದೆ ಸಿಕ್ಕ ನೆಲಮಾಳಿಗೆ: ಗೋಡೆಯ ತೇವ ಮತ್ತು ಬಸಿಗಾಲುವೆಯ ಕಥೆ

ನಮ್ಮ ದೊಡ್ಡವ್ವನ ಮನೆಗೆ ನಾನು ಚಿಕ್ಕವನಿದ್ದಾಗ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಮನೆ ಕುಸಿದಿಲ್ಲ. ಓಣಿ ಮೇಲೆದ್ದಿದೆ. ಮೊದಲು ಗರಸು ಹಾಕಿದರು, ಅದರ ಮೇಲೆ ಡಾಂಬರು, ಅದರ ಮೇಲೆ ಸಿಸಿ ರಸ್ತೆ, ಕೆಲವು ವರ್ಷದ ನಂತರ ಅದರ ಮೇಲೆ ಮತ್ತೊಂದು ಸಿಸಿ ರಸ್ತೆ. ಪ್ರತಿ ಸಲವೂ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದು.

ಈಗ ದೊಡ್ಡ ಮಳೆ ಬಂದರೆ ಓಣಿಯ ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ. ಮಳೆ ನಿಂತರೂ ಗೋಡೆ ಒಣಗುವುದಿಲ್ಲ. ಸೊಂಟದ ಎತ್ತರದವರೆಗೆ ತೇವ ಏರಿ, ಸುಣ್ಣ ಉದುರಿ, ಬಿಳಿ ಉಪ್ಪು ಒಡೆದಿದೆ. ಒಳಗಿನಿಂದ ಎರಡು ಸಲ ಸಿಮೆಂಟ್ ಗಿಲಾವು ಮಾಡಿಸಿದ್ದಾಯಿತು. ವಾಟರ್‌ಪ್ರೂಫ್ ಪುಡಿ ಕಲಸಿ ಹಚ್ಚಿಸಿದ್ದೂ ಆಯಿತು. ಎರಡೂ ಸಲ ಮುಂದಿನ ಮಳೆಗಾಲಕ್ಕೆ ಗಿಲಾವು ಉಬ್ಬಿ ಕೈಗೆ ಬಂತು.

ಮೂರನೇ ಸಲ ಕರೆದಾಗ ಊರಿನ ಹಿರಿಯ ಗೌಂಡಿ ಒಬ್ಬರು ಗೋಡೆ ನೋಡಿ, ಹೊರಗೆ ಹೋಗಿ ಓಣಿ ನೋಡಿ, ಹಿತ್ತಲಿಗೆ ಹೋಗಿ ಬಚ್ಚಲು ನೋಡಿ ಬಂದು ಹೇಳಿದರು: "ಯವ್ವಾ, ಜಡ್ಡು ಹೊರಗೈತಿ, ನೀವು ಔಷಧ ಒಳಗ ಹಚ್ಚಾಕತ್ತೀರಿ. ನೀರು ಬರೋ ದಾರಿ ಬಂದ್ ಮಾಡ್ರಿ, ಗ್ವಾಡಿ ತಾನ ಒಣಗತೈತಿ."

ಇದೇ ಮಾತನ್ನು 1859ರಲ್ಲಿ ಅಮೆರಿಕದ ಒಬ್ಬ ನ್ಯಾಯಾಧೀಶರು ಒಂದು ಪುಸ್ತಕದಲ್ಲಿ ವಿವರವಾಗಿ ಬರೆದಿಟ್ಟಿದ್ದರು. ಅವರಿಗೂ ನಮ್ಮ ಗೌಂಡಿಗೂ ಸಂಬಂಧವಿಲ್ಲ. ಇಬ್ಬರೂ ಒಂದೇ ಕಡೆ ತಲುಪಿದ್ದು ಹೇಗೆ ಎಂಬುದು ಈ ಬರಹದ ವಿಷಯ.

ನ್ಯಾಯಾಧೀಶರ ಪುಸ್ತಕ

ಅವರ ಹೆಸರು ಹೆನ್ರಿ ಫ್ಲ್ಯಾಗ್ ಫ್ರೆಂಚ್. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದವರು. ಉದ್ಯೋಗದಲ್ಲಿ ವಕೀಲ, ನ್ಯಾಯಾಧೀಶ. ಆಸಕ್ತಿ ಮಾತ್ರ ಪೂರ್ತಿ ಒಕ್ಕಲುತನದಲ್ಲಿ. ಮುಂದೆ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಮೊದಲ ಅಧ್ಯಕ್ಷರಾದರು. ವಾಷಿಂಗ್ಟನ್‌ನಲ್ಲಿ ಕುರ್ಚಿಯ ಮೇಲೆ ಕುಳಿತ ಅಬ್ರಹಾಂ ಲಿಂಕನ್ನರ ದೊಡ್ಡ ಪ್ರತಿಮೆಯ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ರೂಪಿಸಿದ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಇವರ ಮಗ.

1859ರಲ್ಲಿ ಹೆನ್ರಿ ಫ್ರೆಂಚ್ ಹೊಲದ ಬಸಿಗಾಲುವೆಗಳ ಬಗ್ಗೆ ದೊಡ್ಡ ಪುಸ್ತಕ ಪ್ರಕಟಿಸಿದರು. ಹೆಸರು 'ಫಾರ್ಮ್ ಡ್ರೇನೇಜ್'. ಹೆಚ್ಚಾದ ನೀರನ್ನು ನೆಲದೊಳಗಿನಿಂದ ಹೇಗೆ ಬಸಿದು ಹೊರಗೆ ಹಾಕಬೇಕು ಎಂಬುದೇ ಅದರ ವಿಷಯ. ಹೊಲದ ಪುಸ್ತಕವಾದರೂ ಅದರಲ್ಲಿ ಒಂದು ಅಧ್ಯಾಯ ಮನೆಯ ನೆಲಮಾಳಿಗೆಗೆ ಮೀಸಲು. ಅದಕ್ಕೆ ಕಾರಣವಿತ್ತು.

ಆ ಕಡೆ ಚಳಿಗಾಲದಲ್ಲಿ ಮೂರು-ನಾಲ್ಕು ಅಡಿ ಆಳದವರೆಗೂ ನೆಲ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಪಾಯವನ್ನೇ ಎತ್ತಿಬಿಡುತ್ತದೆ. ಅದಕ್ಕೆ ಪಾಯವನ್ನು ಅದಕ್ಕಿಂತ ಕೆಳಗೆ ಇಳಿಸಲೇಬೇಕು. ಹೇಗೂ ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದು ಮನೆಯ ಕೆಳಗೆ ಒಂದು ಕೋಣೆ ಮಾಡಿಕೊಂಡರು. ಆಲೂಗಡ್ಡೆ, ಸೇಬು, ಉಪ್ಪು ಹಾಕಿದ ಮಾಂಸದ ಪೀಪಾಯಿ ಎಲ್ಲ ಅಲ್ಲೇ. ಚಳಿಗಾಲದ ಅನ್ನದ ಕಣಜವೇ ಅದು. ಹಿಮ ಕರಗುವ ವಸಂತದಲ್ಲಿ ಅದೇ ಕಣಜಕ್ಕೆ ನೀರು ನುಗ್ಗುತ್ತಿತ್ತು.

ಜನ ಏನು ಮಾಡುತ್ತಿದ್ದರು? ನಾವು ಮಾಡಿದ್ದನ್ನೇ. ಒಳಗೆ ಸಿಮೆಂಟ್ ಹಚ್ಚುತ್ತಿದ್ದರು. ಫ್ರೆಂಚ್ ಅದು ಆಗುವ ಕೆಲಸವಲ್ಲ ಎಂದರು.

ಯಾಕೆ ಆಗುವುದಿಲ್ಲ? ಬಾವಿಯ ಉದಾಹರಣೆ ನೋಡಿ. ಸುತ್ತಲಿನ ನೆಲದಲ್ಲಿ ನೀರು ಹತ್ತು ಅಡಿಗೆ ಬಂದಿದ್ದರೆ ಬಾವಿಯಲ್ಲೂ ಹತ್ತು ಅಡಿಗೇ ನಿಲ್ಲುತ್ತದೆ. ಬಾವಿಯ ಗೋಡೆಗೆ ಒಳಗಿನಿಂದ ಗಿಲಾವು ಮಾಡಿ ನೀರು ತಡೆಯುತ್ತೇನೆ ಎಂದು ಯಾರೂ ಹೊರಡುವುದಿಲ್ಲ. ಸುತ್ತಲಿನ ನೆಲ ನೀರು ತುಂಬಿಕೊಂಡಾಗ ನೆಲಮಾಳಿಗೆಯೂ ಒಂದು ಬಾವಿಯೇ. ಹೊರಗಿನ ನೀರು ಗೋಡೆಯನ್ನು ಒತ್ತುತ್ತದೆ, ನೆಲಗಟ್ಟನ್ನು ಕೆಳಗಿನಿಂದ ಎತ್ತುತ್ತದೆ. ಒಳಗೆ ಹಚ್ಚಿದ ಗಿಲಾವನ್ನು ಹಿಂದಿನಿಂದ ತಳ್ಳುತ್ತದೆ. ಹೊರಗಿನ ಮಟ್ಟ ಇಳಿಯುವವರೆಗೂ ಒಳಗೆ ಒಣಗುವುದಿಲ್ಲ.

ಅದಕ್ಕೆ ಉಪಾಯ ಒಂದೇ: ನೆಲಮಾಳಿಗೆಯ ನೆಲಕ್ಕಿಂತ ಕೆಳಗೆ ಒಂದು ಬಸಿಗಾಲುವೆ ತೆಗೆದು, ಅದಕ್ಕೆ ಇಳಿಜಾರು ಕೊಟ್ಟು, ಇನ್ನೂ ತಗ್ಗಿನ ಜಾಗಕ್ಕೆ ನೀರನ್ನು ಬಿಡುವುದು.

ರೈತರಿಂದ ಬಂದ ವಿದ್ಯೆ

ಈ ವಿದ್ಯೆ ಫ್ರೆಂಚ್ ಅವರು ಕಂಡುಹಿಡಿದದ್ದಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ರೋಮ್ ಸಾಮ್ರಾಜ್ಯದ ಕೊಲುಮೆಲ್ಲ ಎಂಬ ಲೇಖಕ ಜವಳು ಹೊಲದಲ್ಲಿ ಮೂರು-ನಾಲ್ಕು ಅಡಿ ಆಳದ ಗಟಾರ ತೋಡಿ, ಅರ್ಧದವರೆಗೆ ಸಣ್ಣ ಕಲ್ಲು ತುಂಬಿ, ಮೇಲೆ ಮಣ್ಣು ಮುಚ್ಚಬೇಕೆಂದು ಬರೆದಿದ್ದ. ಕಲ್ಲಿನ ಸಂದಿಯಲ್ಲಿ ನೀರು ಹರಿಯುತ್ತದೆ, ಮೇಲೆ ನೇಗಿಲು ಓಡುತ್ತದೆ.

1764ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ಶೈರಿನಲ್ಲಿ ಜೋಸೆಫ್ ಎಲ್ಕಿಂಗ್ಟನ್ ಎಂಬ ರೈತನ ಹೊಲ ಸದಾ ಒದ್ದೆ. ಅಲ್ಲಿ ಮೇಯುವ ಕುರಿಗಳಿಗೆ ರೋಗ. ಆತ ನಾಲ್ಕೈದು ಅಡಿ ಗಟಾರ ತೋಡಿಸಿದರೂ ನೀರು ಬಸಿಯಲಿಲ್ಲ. ಅಷ್ಟರಲ್ಲಿ ಆಳೊಬ್ಬ ಕಬ್ಬಿಣದ ಹಾರೆ ಹಿಡಿದು ಆ ದಾರಿಯಲ್ಲಿ ಬಂದ. ಎಲ್ಕಿಂಗ್ಟನ್ ಆ ಹಾರೆ ತೆಗೆದುಕೊಂಡು ಗಟಾರದ ತಳಕ್ಕೆ ಇನ್ನೂ ಆಳ ಹೊಡೆದ. ಹಾರೆ ಕಿತ್ತ ಕೂಡಲೇ ನೀರು ಬುಗ್ಗೆಯಾಗಿ ಚಿಮ್ಮಿತು. ಮೇಲಿನ ಒದ್ದೆಗೆ ಕಾರಣ ಮೇಲೆ ಇರಲಿಲ್ಲ, ಕೆಳಗಿನ ಸೆಲೆಯಲ್ಲಿತ್ತು. 1795ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ರೈತನಿಗೆ 1000 ಪೌಂಡ್ ಬಹುಮಾನ ಕೊಟ್ಟಿತು.

1843ರಲ್ಲಿ ಜಾನ್ ರೀಡ್ ಎಂಬ ಇಂಗ್ಲಿಷ್ ತೋಟಗಾರ ಸುಟ್ಟ ಮಣ್ಣಿನ ದುಂಡನೆಯ ಪೈಪು ತೋರಿಸಿದ. ಎರಡು ವರ್ಷದಲ್ಲಿ ಅದನ್ನು ಮಾಡುವ ಯಂತ್ರವೂ ಬಂತು. ಕಲ್ಲಿನ ಬದಲು ಮಣ್ಣಿನ ಪೈಪು ಹೂಳುವುದು ಅಗ್ಗವಾಯಿತು.

ಅದಕ್ಕೂ ಮೊದಲೇ ಈ ವಿದ್ಯೆ ಅಮೆರಿಕ ಮುಟ್ಟಿತ್ತು. ಸ್ಕಾಟ್ಲೆಂಡಿನಿಂದ ವಲಸೆ ಹೋಗಿದ್ದ ಜಾನ್ ಜಾನ್‌ಸ್ಟನ್ ಎಂಬ ರೈತ 1835ರಲ್ಲಿ ತವರಿನಿಂದ ಬಸಿಗಾಲುವೆ ಹೆಂಚಿನ ಮಾದರಿ ತರಿಸಿ, ಸ್ಥಳೀಯ ಕುಂಬಾರನಿಂದ ಕೈಯಲ್ಲಿ ಮಾಡಿಸಿ ತನ್ನ ಹೊಲದಲ್ಲಿ ಹೂಳಿದ. ನೆರೆಯವರು ಇವನಿಗೆ ತಲೆ ಕೆಟ್ಟಿದೆ, ಮಡಕೆ ಹೂಳುತ್ತಾನೆ ಎಂದು ನಕ್ಕರು. ಅವನ ಗೋಧಿ ನೋಡಿದ ಮೇಲೆ ಅವರೂ ಹೂಳಿದರು.

ಫ್ರೆಂಚ್ ಇದನ್ನೆಲ್ಲ ಓದಿ, ಇಂಗ್ಲೆಂಡಿಗೆ ಹೋಗಿ ನೋಡಿ ಬಂದು ಪುಸ್ತಕ ಬರೆದರು. ಹೊಲ ಒಣಗಿಸುವ ವಿದ್ಯೆ ಮನೆಗೂ ಸಾಕು ಎಂಬುದನ್ನು ವಿವರಿಸಿ ಹೇಳಿದ್ದು ಅವರ ದೊಡ್ಡ ಕೆಲಸ. ಇಂದಿಗೂ ಕಲ್ಲು ತುಂಬಿ ಪೈಪು ಹಾಕಿದ ಬಸಿಗಾಲುವೆಗೆ ಜಗತ್ತಿನ ಎಷ್ಟೋ ಕಡೆ 'ಫ್ರೆಂಚ್ ಡ್ರೇನ್' ಎನ್ನುತ್ತಾರೆ. ಫ್ರಾನ್ಸ್ ದೇಶದಿಂದ ಬಂದದ್ದಿರಬೇಕು ಎಂದು ಹಲವರು ತಿಳಿಯುತ್ತಾರೆ. ಆ ಹೆಸರು ಈ ನ್ಯಾಯಾಧೀಶರದು.

ಕಾರಣ ತಪ್ಪು, ಕೆಲಸ ಸರಿ

ಆ ಕಾಲದಲ್ಲಿ ಜನ ಒದ್ದೆ ನೆಲಮಾಳಿಗೆಗೆ ಹೆದರುತ್ತಿದ್ದದ್ದು ಆಲೂಗಡ್ಡೆ ಕೊಳೆಯುತ್ತದೆ ಎಂದಷ್ಟೇ ಅಲ್ಲ. ತೇವದ ನೆಲದಿಂದ ಕೆಟ್ಟ ಗಾಳಿ ಎದ್ದು ರೋಗ ತರುತ್ತದೆ ಎಂದು ನಂಬಿದ್ದರು. 1862ರಲ್ಲಿ ಬಾಸ್ಟನ್ನಿನ ವೈದ್ಯ ಹೆನ್ರಿ ಬೌಡಿಚ್ ಅವರು ಕ್ಷಯಕ್ಕೆ ಮುಖ್ಯ ಕಾರಣಗಳಲ್ಲಿ ನೆಲದ ತೇವವೂ ಒಂದು ಎಂದು ಮಂಡಿಸಿದರು. ಕ್ಷಯ ತರುವುದು ಒಂದು ಬ್ಯಾಕ್ಟೀರಿಯಾ ಎಂದು ಜರ್ಮನಿಯ ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ.

ಬೌಡಿಚ್ ಹೇಳಿದ ಕಾರಣ ತಪ್ಪಾಗಿತ್ತು. ಆದರೆ ಆ ಹೆದರಿಕೆಯಿಂದ ಜನ ಮನೆಯ ಸುತ್ತ ನೀರು ಬಸಿದು ಹಾಕಿದ್ದು ತಪ್ಪಾಗಲಿಲ್ಲ. ಒದ್ದೆ ಗೋಡೆಯ ಬೂಷ್ಟು ಉಬ್ಬಸ ಇರುವವರಿಗೆ, ಮಕ್ಕಳಿಗೆ, ಮುದುಕರಿಗೆ ಕೆಡುಕು ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ನಮ್ಮ ದೊಡ್ಡವ್ವನ ಕೆಮ್ಮು ಮಳೆಗಾಲದಲ್ಲಿ ಜೋರಾಗುತ್ತದೆ. ಆಕೆ ಮಲಗುವುದು ಅದೇ ಗೋಡೆಯ ಪಕ್ಕ.

ಮೊದಲು ಅಂಗಳ, ಆಮೇಲೆ ಕಾಲುವೆ

ಇದಕ್ಕೆ ಕಟ್ಟಡದವರು ಇನ್ನೊಂದು ಮಾತು ಸೇರಿಸುತ್ತಾರೆ. ನೆಲದೊಳಗೆ ಇಳಿದ ನೀರನ್ನು ಬಸಿಯುವುದಕ್ಕಿಂತ, ಅದು ಗೋಡೆಯ ಹತ್ತಿರ ಇಳಿಯದಂತೆ ನೋಡಿಕೊಳ್ಳುವುದು ಅಗ್ಗ. ಅದಕ್ಕೆ ಬೇಕಾದದ್ದು ಸಲಿಕೆ ಮತ್ತು ಮಣ್ಣು. ಅಂದರೆ ಅಂಗಳಕ್ಕೆ ಸರಿಯಾದ ಇಳಿಜಾರು.

ಅಮೆರಿಕದ ಈಗಿನ ಮನೆ ಕಟ್ಟುವ ನಿಯಮ ಇಷ್ಟು ಸರಳ: ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ ಕನಿಷ್ಠ 6 ಇಂಚು ಹೊರಕ್ಕೆ ಇಳಿಯಬೇಕು. ಅಷ್ಟು ಜಾಗವಿಲ್ಲದಿದ್ದರೆ ನೀರು ಸಾಗಿಸಲು ಗಟಾರ ಮಾಡಬೇಕು.

ಸರಳ ನಿಯಮವಾದರೂ ಬಹಳ ಮನೆಗಳಲ್ಲಿ ಇದು ತಪ್ಪುತ್ತದೆ. ಪಾಯ ತೋಡುವಾಗ ಗೋಡೆಗಿಂತ ಅಗಲ ತೋಡುತ್ತಾರೆ. ಕಟ್ಟಿದ ಮೇಲೆ ಪಕ್ಕದ ಸಂದಿಗೆ ಸಡಿಲ ಮಣ್ಣು ತುಂಬುತ್ತಾರೆ. ಎರಡು ಮಳೆಗಾಲದಲ್ಲಿ ಆ ಮಣ್ಣು ಕುಸಿದು, ಗೋಡೆಯ ಬುಡದಲ್ಲೇ ತಗ್ಗು ಬೀಳುತ್ತದೆ. ಆಗ ಇಡೀ ಅಂಗಳದ ನೀರು ಗೋಡೆಯ ಕಡೆಗೇ ಹರಿಯುತ್ತದೆ. ನಿಮ್ಮ ಮನೆಯನ್ನೂ ಒಮ್ಮೆ ಸುತ್ತಿ ನೋಡಿ.

ಮಾಳಿಗೆಯ ನೀರನ್ನೂ ಲೆಕ್ಕ ಹಾಕಿ. 30-40ರ ಮನೆ ಅಂದರೆ 1200 ಚದರ ಅಡಿ. ಒಂದು ಇಂಚು ಮಳೆ ಬಿದ್ದರೆ ಮಾಳಿಗೆಯ ಮೇಲೆ ಬೀಳುವುದು ಸುಮಾರು 2800 ಲೀಟರ್. 200 ಲೀಟರಿನ ಡ್ರಮ್ಮಿನಲ್ಲಿ 14 ಡ್ರಮ್. ಅಷ್ಟನ್ನೂ ಒಂದೆರಡು ಪೈಪಿನಿಂದ ಗೋಡೆಯ ಬುಡಕ್ಕೇ ಸುರಿದರೆ ಯಾವ ಗಿಲಾವು ತಡೆದೀತು?

ನಮ್ಮ ಹಿರಿಯರಿಗೆ ಗೊತ್ತಿದ್ದದ್ದು

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ ಎನ್ನುವವರಿಗೆ ನಾನು ಒಪ್ಪುತ್ತೇನೆ. ನಮ್ಮ ಉತ್ತರ ಕರ್ನಾಟಕದ ಹಗೇವು ನೋಡಿ. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು ಸೀಮೆಯಲ್ಲಿ ಜೋಳವನ್ನು ವರ್ಷಗಟ್ಟಲೆ ನೆಲದೊಳಗೇ ಇಟ್ಟರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಹಗೇವು ತೋಡಲು ಆರಿಸುತ್ತಿದ್ದದ್ದು ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಗರಸಿನ ನೆಲ. ಒಳಗೆ ಸುತ್ತಲೂ ಕಣಿಕೆ, ಹೊಟ್ಟು ಹಾಕಿ ಜೋಳ ಮಣ್ಣಿಗೆ ತಾಗದಂತೆ ಮಾಡುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮಳೆ ನೀರು ಆಚೆ ಹರಿಯುವಂತೆ ಎತ್ತರಿಸುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಹಗೇವಿನಲ್ಲಿ ಸಿಮೆಂಟ್ ಇರಲಿಲ್ಲ. ಹೊರಗಿನ ಇಳಿಜಾರೇ ಅದರ ವಾಟರ್‌ಪ್ರೂಫು.

ಮನೆಗಳೂ ಹಾಗೆಯೇ. ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಮಣ್ಣಿನ ಗೋಡೆ. ಮಲೆನಾಡಿನಲ್ಲಿ ಸೂರು ಗೋಡೆಯಿಂದ ಎಷ್ಟೋ ದೂರ ಚಾಚಿರುತ್ತದೆ. ಸೂರಿನ ನೀರು ಬೀಳುವ ಕಡೆ ಕಲ್ಲು ಹಾಸಿ, ಅಂಗಳದಾಚೆ ಕಾಲುವೆ. ಗುಡ್ಡದ ಬುಡದ ಮನೆಗಳಲ್ಲಿ ಹಿಂದಿನ ದರೆಗೂ ಗೋಡೆಗೂ ನಡುವೆ ನೀರು ಹೋಗಲು ಜಾಗ ಬಿಡುತ್ತಿದ್ದರು. ಮಣ್ಣಿನ ಗೋಡೆ ನೂರು ವರ್ಷ ನಿಲ್ಲಲು ಕಾರಣ ಅದರ ಬುಡ ಒದ್ದೆಯಾಗದಿರುವುದು.

ನೆಲ ಮೇಲೆ ಬಂದರೆ ಏನಾಗುತ್ತದೆ ಎಂದು ತಿಳಿಯಲು ಹಂಪಿಗೆ ಹೋಗಿ. ಪ್ರಸನ್ನ ವಿರೂಪಾಕ್ಷ ಗುಡಿಯನ್ನು ಎಲ್ಲರೂ ನೆಲದಡಿಯ ಶಿವಾಲಯ ಎನ್ನುತ್ತಾರೆ. ಅದು ಮಣ್ಣಿನಲ್ಲಿ ಮುಚ್ಚಿಹೋಗಿದ್ದು, ಅಗೆದು ಹೊರತೆಗೆದ ಗುಡಿ. ಈಗಿನ ನೆಲಮಟ್ಟದಿಂದ ಮೆಟ್ಟಿಲು ಇಳಿದು ಹೋಗಬೇಕು. ಮಳೆಗಾಲದಲ್ಲಿ ಒಳಗೆ ನೀರಿನಲ್ಲಿ ಕಾಲಿಟ್ಟೇ ನಡೆಯಬೇಕು. ಸುತ್ತಲಿನ ನೆಲಕ್ಕಿಂತ ಕೆಳಗಿದ್ದದ್ದು ಗುಡಿಯಾದರೂ ನೀರು ಬಿಡುವುದಿಲ್ಲ.

ಈಗ ನಮ್ಮ ಓಣಿಗಳಲ್ಲಿ ಆಗುತ್ತಿರುವುದೂ ಅದೇ. ನಾವು ಯಾರೂ ನೆಲಮಾಳಿಗೆ ಅಗೆಸಿಲ್ಲ. ರಸ್ತೆಯನ್ನು ಪದರದ ಮೇಲೆ ಪದರ ಏರಿಸುತ್ತಾ ಹೋದಂತೆ ನಮ್ಮ ಪಡಸಾಲೆಗಳೇ ನೆಲಮಾಳಿಗೆಗಳಾಗುತ್ತಿವೆ. ಅನುಕೂಲ ಇದ್ದವರು ಮನೆ ಕೆಡವಿ ಎತ್ತರದ ಪ್ಲಿಂತಿನ ಮೇಲೆ ಕಟ್ಟಿಕೊಳ್ಳುತ್ತಾರೆ. ಅವರ ಅಂಗಳದ ನೀರೂ ಪಕ್ಕದ ಹಳೇ ಮನೆಗೆ ಇಳಿಯುತ್ತದೆ. ಕೊನೆಗೆ ಒದ್ದೆಯಲ್ಲಿ ಉಳಿಯುವುದು ಮುದುಕರು ಮತ್ತು ಬಡವರು. ಮಣ್ಣಿನ ಗೋಡೆಯ ಬುಡ ಎರಡು-ಮೂರು ಮಳೆಗಾಲ ನೆನೆದರೆ, ಮುಂದೊಂದು ರಾತ್ರಿ ಜಡಿಮಳೆಗೆ ಮಲಗಿದವರ ಮೇಲೇ ಬೀಳಬಹುದು.

ಕಾಲುವೆ ನೀರಾವರಿ ಬಂದ ಕಡೆ ಕೆಳಗಿನಿಂದಲೂ ತೇವ ಏರುತ್ತದೆ. ಹೊಲ ಸವಳು-ಜವಳಾದ ಊರಿನವರಿಗೆ ಇದು ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಹೊಲಗಳನ್ನು ಸುಧಾರಿಸುವ ಅಧ್ಯಯನ ನಡೆಯುತ್ತದೆ. ಅದರಲ್ಲಿ ನೆಲದೊಳಗೆ ತೂತಿನ ಪೈಪು ಹೂಳಿ ನೀರು ಬಸಿಯುವ ವಿಧಾನವೂ ಇದೆ. ಮಡಕೆ ಹೂಳುತ್ತಾನೆ ಎಂದು ಜನ ನಕ್ಕ ಜಾನ್‌ಸ್ಟನ್ನನ ವಿದ್ಯೆಯೇ ಪ್ಲಾಸ್ಟಿಕ್ ರೂಪದಲ್ಲಿ ನಮ್ಮ ಸೀಮೆಗೆ ಬಂದಿದೆ.

ದೊಡ್ಡವ್ವನ ಮನೆಯಲ್ಲಿ ಮಾಡಿದ್ದು

ಗೌಂಡಿ ಕಾಕಾನ ಮಾತಿನಂತೆ ಬೇಸಿಗೆಯಲ್ಲಿ ಒಂದೊಂದಾಗಿ ಕೆಲಸ ಮಾಡಿದೆವು.

ಮೊದಲು ಮಾಳಿಗೆಯ ನೀರು. ಗೋಡೆಯ ಬುಡಕ್ಕೆ ಬೀಳುತ್ತಿದ್ದ ಪೈಪನ್ನು ಉದ್ದ ಮಾಡಿ ಹಿತ್ತಲ ಕೊನೆಯ ತಗ್ಗಿಗೆ ಬಿಟ್ಟೆವು.

ಎರಡನೆಯದು ಬಚ್ಚಲ ನೀರು. ಗೋಡೆಗೆ ಹತ್ತಿಯೇ ಇದ್ದ ಇಂಗುಗುಂಡಿ ಮುಚ್ಚಿ, ದೂರದಲ್ಲಿ ಬೇರೆ ತೋಡಿದೆವು. ದಿನವೂ ಗೋಡೆಗೆ ನೀರು ಕುಡಿಸುತ್ತಿದ್ದದ್ದು ಅದೇ ಗುಂಡಿ.

ಮೂರನೆಯದು ಹಿತ್ತಲ ಇಳಿಜಾರು. ಗೋಡೆಯ ಬುಡದ ತಗ್ಗಿಗೆ ಗರಸು ಹಾಕಿ ಚೆನ್ನಾಗಿ ಧುಮ್ಮಸು ಮಾಡಿ, ಹೊರಕ್ಕೆ ಇಳಿಸಿದೆವು. ಎರಿ ಮಣ್ಣು ಹಾಕಬೇಡಿ ಎಂದರು ಕಾಕಾ. ಎರಿ ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರುಕಿನಲ್ಲಿ ಮುಂದಿನ ಮಳೆ ನೇರ ಪಾಯಕ್ಕೆ ಇಳಿಯುತ್ತದೆ.

ನಾಲ್ಕನೆಯದು ಓಣಿಯ ಕಡೆ. ಅಲ್ಲಿ ಇಳಿಜಾರು ಮಾಡಲು ಜಾಗವೇ ಇಲ್ಲ. ಹಾಗಾಗಿ ಬಸಿಗಾಲುವೆ. ಗೋಡೆಗೆ ಅಂಟದಂತೆ, ಪಾಯದ ಬುಡ ಸಡಿಲವಾಗದಂತೆ ಸ್ವಲ್ಪ ಬಿಟ್ಟು ಕಾಲುವೆ ತೋಡಿ, ತಳಕ್ಕೆ ಜಲ್ಲಿ ಹಾಕಿ, ತೂತಿನ ಪಿವಿಸಿ ಪೈಪು ಇಟ್ಟು, ಮೇಲೂ ಜಲ್ಲಿ ತುಂಬಿದೆವು. ತೂತು ಕೆಳಮುಖವಾಗಿರಬೇಕು. ನನಗೆ ಇದು ವಿಚಿತ್ರ ಎನಿಸಿತ್ತು. ಆದರೆ ನೀರು ಕಾಲುವೆಯ ತಳದಿಂದ ಏರುತ್ತಾ ಬರುತ್ತದೆ. ತೂತು ಕೆಳಗಿದ್ದರೆ ಬೇಗ ಒಳಸೇರಿ ಹರಿದುಹೋಗುತ್ತದೆ. ಮಣ್ಣು ನುಗ್ಗದಂತೆ ಜಲ್ಲಿಯ ಸುತ್ತ ಜಿಯೋ ಬಟ್ಟೆ ಸುತ್ತಿದೆವು. ಪ್ರತಿ 8 ಅಡಿಗೆ 1 ಇಂಚು ಇಳಿಜಾರು. ಪೈಪಿನ ಕೊನೆ ಊರಿನ ಗಟಾರಕ್ಕೆ.

ಈ ಕೊನೆಯದೇ ಮುಖ್ಯ. ನೀರು ಹೊರಗೆ ಹೋಗಲು ತಗ್ಗಿನ ಜಾಗ ಇಲ್ಲದಿದ್ದರೆ ಬಸಿಗಾಲುವೆ ತೋಡಬೇಡಿ. ಬಾಯಿ ಇಲ್ಲದ ಕಾಲುವೆ ಅಂದರೆ ಗೋಡೆಯ ಪಕ್ಕದಲ್ಲಿ ನೀರಿನ ತೊಟ್ಟಿ ಕಟ್ಟಿದಂತೆ. ನಿಮ್ಮ ನೀರು ಪಕ್ಕದವರ ಗೋಡೆಗೆ ಹೋಗದಂತೆಯೂ ನೋಡಿಕೊಳ್ಳಿ. ನಮ್ಮ ನೆಮ್ಮದಿ ಅವರ ಗೋಡೆಯ ಮೇಲೆ ನಿಲ್ಲಬಾರದು.

ಗಿಲಾವು ಮಾತ್ರ ಕಾಕಾ ಮಾಡಲಿಲ್ಲ. ಉಬ್ಬಿದ ಸಿಮೆಂಟು ಕಿತ್ತು, ಗೋಡೆಯನ್ನು ಬರಿ ಮೈಯಲ್ಲಿ ಬಿಟ್ಟರು. "ಒಂದು ಮಳಿಗಾಲ ಉಸಿರಾಡಲಿ" ಎಂದರು. ಈ ಮಳೆಗಾಲದಲ್ಲಿ ಪಡಸಾಲೆಗೆ ನೀರು ಬರಲಿಲ್ಲ. ಗೋಡೆಯ ತೇವ ಸೊಂಟದಿಂದ ಮೊಣಕಾಲಿನ ಕೆಳಗೆ ಇಳಿದಿದೆ. ಪೂರ್ತಿ ಒಣಗಿಲ್ಲ. ವರ್ಷಗಟ್ಟಲೆ ಕುಡಿದ ನೀರು ಒಂದೇ ವರ್ಷದಲ್ಲಿ ಹೋಗುವುದಿಲ್ಲ.

ಆದರೆ ಓಣಿಯಲ್ಲಿ ಇನ್ನೊಂದು ರಸ್ತೆ ಬಂದರೆ ಈ ಎಲ್ಲ ಕೆಲಸವೂ ಮತ್ತೆ ತಗ್ಗಿಗೆ ಬೀಳುತ್ತದೆ. ಅದಕ್ಕೆ ನಿಮ್ಮ ಊರಿನಲ್ಲಿ ರಸ್ತೆ ಕೆಲಸ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ಹಳೇ ರಸ್ತೆ ಕಿತ್ತು ಹಾಕುತ್ತೀರೋ, ಅದರ ಮೇಲೆಯೇ ಹಾಕುತ್ತೀರೋ? ಗಟಾರ ನಮ್ಮ ಹೊಸ್ತಿಲಿಗಿಂತ ಕೆಳಗಿರುತ್ತದೋ, ಮೇಲಿರುತ್ತದೋ? ಕೆಲಸ ಶುರುವಾಗುವ ಮುಂಚೆ ಹೊಸ್ತಿಲ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ರಸ್ತೆ ಎಷ್ಟು ಏರಿತು ಎಂದು ಆಮೇಲೆ ವಾದ ಮಾಡಲು ಅದು ಬೇಕಾಗುತ್ತದೆ.

ಮೊನ್ನೆ ಹೋದಾಗ ದೊಡ್ಡವ್ವ ಹಾಸಿಗೆಯನ್ನು ಮತ್ತೆ ಅದೇ ಗೋಡೆಯ ಪಕ್ಕಕ್ಕೆ ಹಾಕಿಕೊಂಡಿದ್ದಳು. ಇನ್ನೂ ಒಣಗಿಲ್ಲ, ಒಂದು ವರ್ಷ ತಡಿ ಅಂದೆ. "ನೀರು ನಿಂತೈತಲ್ಲ ತಮ್ಮಾ, ಇನ್ನ ಗ್ವಾಡಿ ತನ್ನ ಪಾಡಿಗೆ ತಾ ಒಣಗತೈತಿ ಬಿಡು" ಅಂದಳು. ಹಾಸಿಗೆಯನ್ನು ನಾನೇ ಈಚೆ ಗೋಡೆಗೆ ಎಳೆದು ಹಾಕಿ ಬಂದೆ.